ಎಲ್ ಬೋರ್ಡ್ ಹಚ್ಚಿಕೊಂಡು ಕುರುಗೋಡಿಗೆ ಹೋದದ್ದು

ನನ್ನ ಮೊಮ್ಮಗಳು ಪವಿತ್ರಾ ಮೂರು ತಿಂಗಳು ಮನೆಯ ಹೊಸ್ತಿಲು ದಾಟಿರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ, ನರ್ಸಿಂಗ್ ಎರಡನೇ ವರ್ಷ ಓದುವವಳು, ಬೀದಿಯಲ್ಲಿ ಗಾಡಿಯೊಂದು ಹಾರ್ನ್ ಹೊಡೆದರೆ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಅವಳನ್ನು ಕುರುಗೋಡಿನ ಗುಡಿಯ ನಂದಿ, ನಮ್ಮ ದೊಡ್ಡಬಸಪ್ಪ, ಹೇಗೆ ಎಬ್ಬಿಸಿ ನಿಲ್ಲಿಸಿದ ಎಂಬುದನ್ನು ನನ್ನಂಥ ಭಕ್ತರಿಗೆ ಹೇಳದೆ ಹೋದರೆ ನನ್ನ ಹೊಟ್ಟೆ ಒಡೆದೀತು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಸೊಟ್ಟ ಇದ್ದಾವು, ಮಾತು ಸೊಟ್ಟ ಇಲ್ಲ.

ನನ್ನ ಹೆಸರು ಈರಮ್ಮ, ವಯಸ್ಸು ಅರವತ್ತೊಂದು. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ಕಡೆ ದಾರ ಕತ್ತರಿಸುವ ಕೆಲಸ. ಮಗಳು ಸುಮಂಗಲಾ, ಅಳಿಯ ಬಸವರಾಜ ಸಿರುಗುಪ್ಪದಲ್ಲಿದ್ದಾರೆ. ಅಳಿಯ ಅಲ್ಲಿ ಅಕ್ಕಿ ಮಿಲ್ಲಿನಲ್ಲಿ ದುಡಿಯುತ್ತಾನೆ. ಪವಿತ್ರಾ ಅವರ ಮಗಳು, ಓದಲಿಕ್ಕೆಂದು ನನ್ನ ಮನೆಯಲ್ಲಿದ್ದಾಳೆ. ಕಾಲೇಜು ಊರ ಹೊರಗೆ. ಅದಕ್ಕೇ ಅವಳಿಗೆ ನಾನೇ ಸ್ಕೂಟರ್ ಕೊಡಿಸಿದ್ದೆ. ತಂದ ದಿನವೇ ಅವಳಿಗೆ ಪರೀಕ್ಷೆ ಇತ್ತು. ಕಾಯಿ ಒಡೆದು, ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುವ ಶಾಸ್ತ್ರ ಅವತ್ತು ತಪ್ಪಿತು. ನಾಳೆ ಮಾಡೋಣ ಅಂದೆ, ಆ ನಾಳೆ ಬರಲೇ ಇಲ್ಲ.

ಹೋದ ಶ್ರಾವಣದಲ್ಲಿ ಒಂದು ಬೆಳಗ್ಗೆ ತಿರುವಿನಲ್ಲಿ ಚೆಲ್ಲಿದ್ದ ಮರಳಿನ ಮೇಲೆ ಅವಳ ಗಾಡಿ ಜಾರಿತು. ಬಲಗಾಲಿನ ಮೂಳೆ ಎರಡು ತುಂಡು. ಆಸ್ಪತ್ರೆಯಲ್ಲಿ ಪ್ಲೇಟ್ ಹಾಕಿದರು. ಹನ್ನೆರಡು ದಿನ ನಾನು ಅವಳ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಇದ್ದೆ. ಅಳಿಯ ಸಿರುಗುಪ್ಪದಿಂದ ಮೊದಲ ಬಸ್ಸಿಗೆ ಬರುತ್ತಿದ್ದ, ಸಂಜೆ ಬಸ್ಸಿಗೆ ಹೋಗುತ್ತಿದ್ದ, ನನ್ನ ಮುಖ ನೋಡುತ್ತಿರಲಿಲ್ಲ.

ಮೂಳೆ ಕೂಡಿತು, ಭಯ ಬಿಡಲಿಲ್ಲ. ಡಾಕ್ಟರು, ಕಾಲು ಗಟ್ಟಿಯಾಗಿದೆ, ಇನ್ನು ಓಡಾಡಬೇಕು ಅಂದರು. ಹುಡುಗಿ ಆಟೋ ಹತ್ತಲೂ ಒಲ್ಲೆ ಅಂದಳು. ಕಾಲೇಜಿನವರು ಹೇಳಿ ಕಳಿಸಿದರು, ಈ ತಿಂಗಳೂ ಬರದಿದ್ದರೆ ವರ್ಷ ಹೋಗುತ್ತದೆ ಎಂದು. ಓಣಿಯವರ ಬಾಯಿ ಬೇರೆ. ರಕ್ತ ಕಂಡ ಗಾಡಿ ಮನೆಯಲ್ಲಿ ಇಡಬಾರದಂತೆ. ನಿಂಬೆಹಣ್ಣು ಇಡದ ಪಾಪ ಅಜ್ಜಿಯದು, ಅನುಭವಿಸಿದ್ದು ಮೊಮ್ಮಗಳಂತೆ. ದೇವರು ಒಂದು ನಿಂಬೆಹಣ್ಣಿಗೆ ಹುಡುಗಿಯ ಕಾಲು ಮುರಿಯುವಷ್ಟು ಸಣ್ಣವನೇನು ಎಂದು ನಾನು ಕೇಳಿದೆ. ಆದರೂ ಅವರು ಹಿಂದೆ ಆಡುವುದನ್ನು ಬಿಡಲಿಲ್ಲ.

ದೀಪಾವಳಿ ಮುಗಿದ ಮೇಲೆ ಅಳಿಯ ಬಂದು ಕಡ್ಡಿ ಮುರಿದಂತೆ ಹೇಳಿದ.

"ಅತ್ತಿ, ಈ ಅಮಾಸಿಗೆ ಕಾರ್ ತರ್ತೀನಿ. ಹುಡುಗೀನ ಕರ್ಕೊಂಡು ಹೋಗ್ತೀನಿ. ಗಾಡಿ ಕೊಳ್ಳಾಕ ಒಬ್ಬಾಂವ ಬರ್ತಾನ, ಕೊಟ್ಟುಬಿಡ್ರಿ. ಓದಿದ್ದು ಸಾಕು."

ಪವಿತ್ರಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಬೇಡ ಅನ್ನಲಿಲ್ಲ. ಅದೇ ನನ್ನನ್ನು ಕೊಂದದ್ದು. ಚಿಕ್ಕಂದಿನಲ್ಲಿ ಗೊಂಬೆಗೆ ಇಂಜೆಕ್ಷನ್ ಚುಚ್ಚುತ್ತಿದ್ದ ಹುಡುಗಿ, ಓದು ಸಾಕು ಅಂದರೆ ಸುಮ್ಮನೆ ನಿಂತಳು.

ಮರುದಿನ ಬೆಳಗ್ಗೆ ವಿಭೂತಿ ಹಚ್ಚಿಕೊಂಡು ದೊಡ್ಡಬಸಪ್ಪನ ಪಟದ ಮುಂದೆ ಕೂತೆ. ಬೇಡಿಕೊಳ್ಳಲಿಲ್ಲ, ಜಗಳವೇ ಆಡಿದೆ. ಅಪ್ಪಾ, ಈ ಹುಡುಗಿ ಅಮಾವಾಸ್ಯೆಯ ಒಳಗೆ ಮತ್ತೆ ಹ್ಯಾಂಡಲ್ ಹಿಡಿಯಬೇಕು. ಅದಕ್ಕೆ ನಾನೇನು ಮಾಡಲಿ ಹೇಳು. ಜನ ಅಪಶಕುನ ಅನ್ನುವ ಅದೇ ಗಾಡಿಯನ್ನು ನಾನೇ ನಡೆಸಿಕೊಂಡು ನಿನ್ನ ಬಾಗಿಲಿಗೆ ಬರುತ್ತೇನೆ, ಆ ದಿನ ನಿನ್ನ ಮುಖ ನೋಡುವ ತನಕ ಹನಿ ನೀರು ಮುಟ್ಟುವುದಿಲ್ಲ, ಎಂದು ಹರಕೆ ಕಟ್ಟಿಕೊಂಡೆ. ಕಟ್ಟಿಕೊಂಡ ಮೇಲೆ ನೆನಪಾಯಿತು, ನನಗೆ ಸೈಕಲ್ಲೂ ಬರುವುದಿಲ್ಲ.

ನನ್ನ ಜೊತೆ ಕೆಲಸ ಮಾಡುವ ಹುಸೇನ್‌ಬೀ ತನ್ನ ಸ್ಕೂಟರಿನಲ್ಲೇ ಬರುತ್ತಾಳೆ. ಕಲಿಸು ಎಂದೆ. ಅವಳು ನಗಲಿಲ್ಲ, ಮೊದಲು ಎಲ್‌ಎಲ್‌ಆರ್ ಮಾಡಿಸು ಅಂದಳು. ಅದು ಕೈಗೆ ಬಂದ ದಿನದಿಂದ ಸಂಜೆ ಕೆಲಸ ಬಿಟ್ಟ ಮೇಲೆ ಬಯಲಲ್ಲಿ ಕಲಿತೆ. ಎರಡು ಸಲ ಜಾಲಿಗಿಡದೊಳಗೆ ಹೋದೆ. ಮೂರನೇ ದಿನ ಸಾಕು ಅಂದಾಗ ಅವಳು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ಈರಕ್ಕಾ, ದಿನಕ್ಕ ಇನ್ನೂರು ಪ್ಯಾಂಟ್ ನಿನ್ನ ಕೈ ದಾಟ್ತಾವು. ಇದೊಂದು ಬ್ರೇಕ್ ಹಿಡಿಯಾಕ ಆಗಂಗಿಲ್ಲೇನು?"

ಆಯಿತು. ಹದಿನೈದು ದಿನದಲ್ಲಿ ಪವಿತ್ರಾಳ ಗಾಡಿಯನ್ನು ಓಣಿಯ ಮುಂದೆಯೇ ಓಡಿಸಿಕೊಂಡು ಬಂದೆ. ನೋಡಲಿ ಎಂದೇ ಎರಡು ಸುತ್ತು ಹೆಚ್ಚಿಗೆ ಹೊಡೆದೆ. ಮುದುಕಿಗೆ ಹುಚ್ಚು ಹಿಡಿದಿದೆ ಎಂದು ಯಾರೋ ಅಂದರು. ಹೌದು, ಹಿಡಿದಿದೆ ಅಂದೆ.

ಅಮಾವಾಸ್ಯೆಗೆ ಮೂರು ದಿನ ಮುಂಚೆ, ಸೋಮವಾರ, ಬಸವಣ್ಣನ ವಾರ. ಹಿಂದಿನ ದಿನ ಪವಿತ್ರಾಳಿಗೆ ಹೇಳಿದೆ: ನಾಳೆ ನಾನು ಕುರುಗೋಡಿಗೆ ಹೋಗುತ್ತೇನೆ, ಎಲ್ ಬೋರ್ಡ್ ಇದ್ದವರ ಹಿಂದೆ ಲೈಸೆನ್ಸ್ ಇದ್ದವರು ಕೂರಬೇಕು ಎಂದು ಕಾನೂನು ಇದೆ, ಲೈಸೆನ್ಸ್ ನಿನ್ನದಿದೆ, ಕೂತರೆ ಕೂರು, ಇಲ್ಲದಿದ್ದರೆ ಪೊಲೀಸರು ಹಿಡಿದರೆ ನಿನ್ನ ಹೆಸರೇ ಹೇಳುತ್ತೇನೆ. ಬೆಳಗ್ಗೆ ನೋಡಿದರೆ ಹೆಲ್ಮೆಟ್ ಹಾಕಿಕೊಂಡು ಹೊಸ್ತಿಲು ದಾಟಿ ನಿಂತಿದ್ದಾಳೆ. ಬೆವರುತ್ತಿದ್ದಳು. ಅಜ್ಜಿ ಒಬ್ಬಳೇ ಹೋಗಿ ಸತ್ತರೆ ಎಂಬ ಭಯ ತನ್ನ ಭಯಕ್ಕಿಂತ ದೊಡ್ಡದಾಗಿತ್ತು ಎಂದು ಆಮೇಲೆ ಹೇಳಿದಳು.

ಊರು ದಾಟುವ ತನಕ ನನ್ನ ಸೊಂಟವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಸಿರು ಕಟ್ಟುತ್ತಿತ್ತು. ಬಯಲು ಬಂತು. ಒಂದು ಕಡೆ ಮೆಣಸಿನಕಾಯಿ ಹೊಲ, ಒಂದು ಕಡೆ ಹತ್ತಿ ಬಿಳಿ ಒಡೆದಿತ್ತು. ಅರವತ್ತೊಂದು ವರ್ಷ ಈ ದಾರಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಗಾಳಿ ನೇರ ಎದೆಗೆ ಬಡಿಯುವುದು ಅವತ್ತೇ ಮೊದಲು. ಒಂದು ಲಾರಿ ಹಿಂದಿನಿಂದ ಹಾರ್ನ್ ಹೊಡೆಯಿತು. ಹೊಡಿ ಮಗನೇ, ದಾರಿ ನಿಮ್ಮಪ್ಪನದಲ್ಲ ಎಂದು ಬೈದುಕೊಂಡು ಎಡಕ್ಕೇ ಇದ್ದೆ.

ಆದರೆ ಬಳ್ಳಾರಿಯ ಬಿಸಿಲಿಗೆ ಚಳಿಗಾಲ ಗೊತ್ತಿಲ್ಲ. ಹಿಂದಿನ ರಾತ್ರಿಯಿಂದ ಹನಿ ನೀರಿಲ್ಲ. ಕೋಳೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ದಾರಿ ಎರಡಾಗಿ ಕಾಣತೊಡಗಿತು. ಹೇಗೋ ಗಾಡಿಯನ್ನು ಬೇವಿನಮರದ ಕೆಳಗೆ ನಿಲ್ಲಿಸಿ ಕುಸಿದು ಕೂತೆ.

ಪವಿತ್ರಾ ನಾಡಿ ಹಿಡಿದು ನೋಡಿದಳು. ಬೆಳಗ್ಗೆ ಏನು ತಿಂದೆ ಎಂದು ಕೇಳಿದಾಗ ನಿಜ ಹೇಳಬೇಕಾಯಿತು. ಆಗ ಅವಳಿಗೆ ಬಂದ ಸಿಟ್ಟು, ಅಪ್ಪಾ! ಅಷ್ಟರಲ್ಲಿ ಹುಲ್ಲಿನ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ ನೀರಿನ ಬಾಟಲಿ ಕೊಟ್ಟ. ನಾನು ಬಾಯಿ ಬಿಗಿದೆ. ಬಸಪ್ಪನ ಮುಖ ನೋಡದೆ ಕುಡಿಯುವುದಿಲ್ಲ ಅಂದೆ. ಅವಳು ಬೈದಳು, ಅತ್ತಳು, ಕಾಲು ಹಿಡಿದಳು. ನಾನು ಬಗ್ಗಲಿಲ್ಲ. ಇದು ತಪ್ಪು ಎಂದು ಈಗ ಒಪ್ಪುತ್ತೇನೆ. ಆವತ್ತು ಒಪ್ಪಲಿಲ್ಲ.

ಟ್ರ್ಯಾಕ್ಟರಿನವನು, ಹುಲ್ಲಿನ ಮೇಲೆ ಕೂರ್ರಿ, ಕುರುಗೋಡಿಗೆ ಬಿಡುತ್ತೇನೆ, ಗಾಡಿ ಇಲ್ಲೇ ಇರಲಿ ಎಂದ. ಎಷ್ಟು ಹೊತ್ತಾಗುತ್ತದೆ ಎಂದು ಪವಿತ್ರಾ ಕೇಳಿದಳು. ಲೋಡ್ ಇದೆ, ಒಂದು ತಾಸು ಅಂದ. ಅವಳು ನನ್ನ ಒಣಗಿದ ತುಟಿ ನೋಡಿದಳು, ದಾರಿ ನೋಡಿದಳು. ಗಾಡಿಯ ಕಡೆ ನೋಡಲಿಕ್ಕೆ ಬಹಳ ಹೊತ್ತು ಹಿಡಿಯಿತು.

"ಬ್ಯಾಡ್ರಿ ಕಾಕಾ," ಅಂದಳು. "ನಾನ ಹೊಡಿತೀನಿ. ಅಜ್ಜಿ, ಹತ್ತು ಹಿಂದ."

ಹತ್ತಿದೆ. ಈಗ ಸೊಂಟ ಹಿಡಿಯುವ ಸರದಿ ನನ್ನದು. ಅವಳ ಬೆನ್ನು ಗಡಗಡ ನಡುಗುತ್ತಿತ್ತು. ಗಾಡಿ ಮೊದಲು ಆಮೆಯ ಹಾಗೆ ಹೋಯಿತು. ಎದುರಿಗೆ ಬಸ್ಸು ಬಂದಾಗ ಪೂರ್ತಿ ನಿಲ್ಲಿಸಿಬಿಟ್ಟಳು. ಬಸ್ಸು ಹೋಯಿತು, ಧೂಳು ಕೂತಿತು, ಮತ್ತೆ ಹೊರಟಳು. ಎರಡನೇ ಬಸ್ಸಿಗೆ ನಿಲ್ಲಿಸಲಿಲ್ಲ. ಕುರುಗೋಡಿನ ಗುಡ್ಡ ಕಾಣುವ ಹೊತ್ತಿಗೆ ಅವಳ ಬೆನ್ನಿನ ನಡುಕ ನಿಂತಿತ್ತು. ನಾನು ಹಿಂದೆ ಕೂತು ಅಳುತ್ತಿದ್ದೆ.

ಗುಡಿಯೊಳಗೆ ದೊಡ್ಡಬಸಪ್ಪ ಗುಡ್ಡದ ಹಾಗೆ ಕೂತಿದ್ದಾನೆ. ನೋಡಿದೆ, ತೀರ್ಥ ಕುಡಿದೆ, ಆಮೇಲೆ ಎರಡು ಚೊಂಬು ನೀರು ಕುಡಿದೆ. ಪವಿತ್ರಾ ನನ್ನ ಮೇಲೆ ಪೂಜಾರಿಗೆ ಚಾಡಿ ಹೇಳಿದಳು. ಅವರು ಗಾಡಿಯ ಕೀಲಿಯನ್ನು ಬಸಪ್ಪನ ಪಾದಕ್ಕೆ ಇಟ್ಟು, ಹೂವಿನ ಸಮೇತ ಅವಳ ಕೈಗೆ ಕೊಟ್ಟು, ನನ್ನ ಕಡೆ ತಿರುಗಿದರು.

"ನೀರು ಕುಡುದು ಗಾಡಿ ಹೊಡೀರಿ ತಾಯಿ. ಬಸಪ್ಪ ಬ್ಯಾಡ ಅನ್ನಂಗಿಲ್ಲ."

ಪ್ರಸಾದ ಉಂಡು ಬಳ್ಳಾರಿಗೆ ತಿರುಗಬೇಕಿತ್ತು. ಪವಿತ್ರಾ ಕೀಲಿ ತಿರುಗಿಸುತ್ತಾ, ಇಲ್ಲಿಂದ ಸಿರುಗುಪ್ಪ ಎಷ್ಟು ದೂರ ಎಂದು ಕೇಳಿದಳು. ಬಂದಷ್ಟೇ ಹೋಗಬೇಕು, ಇನ್ನೊಂದಿಷ್ಟು ಹೆಚ್ಚೇ ಅಂದೆ. ನಡಿ ಅಂದಳು. ತೆಕ್ಕಲಕೋಟೆ ದಾಟಿ, ಕೊಯ್ದ ಭತ್ತದ ಗದ್ದೆಗಳ ನಡುವೆ, ಅವಳು ಹಾಡು ಗುನುಗುತ್ತಿದ್ದಳು. ಮೂರು ತಿಂಗಳಾಗಿತ್ತು ಆ ದನಿ ಕೇಳಿ.

ನಾವು ಬಾಗಿಲಿಗೆ ಬಂದಾಗ ಅಳಿಯ ಊಟಕ್ಕೆಂದು ಮಿಲ್ಲಿನಿಂದ ಬಂದಿದ್ದ. ಮುಂದೆ ಎಲ್ ಬೋರ್ಡ್, ಅದರ ಹಿಂದೆ ಅವನ ಮಗಳು, ಅವಳ ಹಿಂದೆ ನಾನು. ಪವಿತ್ರಾ ಹೆಲ್ಮೆಟ್ ತೆಗೆದು, ಅಪ್ಪಾ, ನಾಳೆ ಕಾಲೇಜಿಗೆ ಹೋಗುತ್ತೇನೆ ಅಂದಳು. ಅವನು ತಿರುಗಿ ಒಳಗೆ ಹೋದ. ಸಿಟ್ಟಾದನೇನೋ ಅಂದುಕೊಂಡು ಜಗಳಕ್ಕೆ ನಾನು ಸೆರಗು ಸಿಕ್ಕಿಸಿದೆ. ಆದರೆ ಹೊರಗೆ ಬಂದಾಗ ಅವನ ಒಂದು ಕೈಯಲ್ಲಿ ತೆಂಗಿನಕಾಯಿ, ಒಂದು ಕೈಯಲ್ಲಿ ಎರಡು ನಿಂಬೆಹಣ್ಣು, ಕಣ್ಣು ಒರೆಸಲಿಕ್ಕೆ ಖಾಲಿ ಕೈ ಇರಲಿಲ್ಲ. ಗಾಡಿಯ ಮುಂದೆ ಕಾಯಿ ಒಡೆದ. ಮಂಡಿಯೂರಿ, ಎರಡೂ ಗಾಲಿಗಳ ಮುಂದೆ ಹಣ್ಣು ಇಟ್ಟ.

"ಹತ್ಸವ್ವಾ," ಅಂದ.

ಹತ್ತಿಸಿದಳು. ಕಾರು ಬರಲಿಲ್ಲ, ಗಾಡಿ ಕೊಳ್ಳುವವನೂ ಬರಲಿಲ್ಲ. ಮೊಮ್ಮಗಳು ಈಗ ದಿನಾ ಅದೇ ಗಾಡಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅಜ್ಜಿಗೆ ಬಿಸಿಲಿಗೆ ತಲೆ ತಿರುಗಿತು, ಅದರಲ್ಲಿ ದೇವರದೇನು ಎಂದು ಓಣಿಯವರು ಕೇಳುತ್ತಾರೆ. ಕೇಳಲಿ. ಆ ದಾರಿಯಲ್ಲಿ ಆ ಹೊತ್ತಿಗೆ ನನ್ನ ತಲೆ ತಿರುಗಿಸಿದವನು ಯಾರೆಂದು ನನಗೆ ಗೊತ್ತು. ನಾನು ನಡೆಸಿಕೊಂಡು ಬರುತ್ತೇನೆ ಅಂದಿದ್ದೆ. ನೀನು ಹಿಂದೆ ಕೂರು ಅಂದ.

ಅಪ್ಪಾ ದೊಡ್ಡಬಸಪ್ಪಾ, ನಿನ್ನ ಋಣ ತೀರದು. ಆದರೆ ನಾನು ಕಟ್ಟಿಕೊಂಡದ್ದು ಪೂರ್ತಿ ದಾರಿಯ ಹರಕೆ, ನಡೆಸಿದ್ದು ಅರ್ಧ. ಲೈಸೆನ್ಸ್ ಪರೀಕ್ಷೆಯಲ್ಲಿ ಒಂದು ಸಲ ಫೇಲಾಗಿದ್ದೇನೆ, ಮತ್ತೆ ಅರ್ಜಿ ಹಾಕಿದ್ದೇನೆ. ಉಳಿದ ಅರ್ಧವನ್ನೂ ನಾನೇ ಓಡಿಸಿಕೊಂಡು ಬರುತ್ತೇನೆ. ನೀರು ಕುಡಿದುಕೊಂಡೇ ಬರುತ್ತೇನೆ.