ಬೇಲಿಯಾಚೆಯ ರೂತ್ ಯಾಕಿಷ್ಟು ಕೇಳುತ್ತಾರೆ?

ಪರ್ತ್‌ಗೆ ಬಂದ ಮೇಲೆ ನನ್ನನ್ನು "ಏನು ಅಡುಗೆ ಇವತ್ತು?" ಅಂತ ಮೊದಲು ಕೇಳಿದ್ದು ಒಬ್ಬ ಅಮೆರಿಕದ ಮುದುಕಿ. ಅವತ್ತೇ ನನಗೆ ಅನುಮಾನ ಬರಬೇಕಿತ್ತು.

ಮೈಸೂರಿನಲ್ಲಿ ಗೇಟು ತೆಗೆದರೆ ಸಾಕು, ಎಲ್ಲಿಗೆ, ಯಾಕೆ, ವಾಪಸ್ಸು ಯಾವಾಗ ಅಂತ ಬೀದಿಯೇ ವಿಚಾರಿಸುತ್ತೆ. ಇಲ್ಲಿ ಪರ್ತ್‌ನ ಥಾರ್ನ್ಲಿ ಬಡಾವಣೆಯಲ್ಲಿ ಎಲ್ಲರೂ ನಗುತ್ತಾರೆ, ಬಿಸಿಲಿನ ಬಗ್ಗೆ ಎರಡು ಮಾತಾಡುತ್ತಾರೆ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಆ ಮುದುಕಿ, ಪಕ್ಕದ ಮನೆಯ ರೂತ್, ಮಾತ್ರ ಹಾಗಲ್ಲ. ಆರ್ವೋ ಹೊತ್ತಿಗೆ, ಅಂದರೆ ಮಧ್ಯಾಹ್ನ ಇಳಿದ ಮೇಲೆ, ಬೇಲಿ ಹತ್ತಿರ ಬಂದು ನಿಂತರೆ ಪ್ರಶ್ನೆಯೋ ಪ್ರಶ್ನೆ. ಕೇಳುವವರಿಲ್ಲದೆ ಸೊರಗಿದ್ದ ನಾನು ಎಲ್ಲಾ ಹೇಳಿಬಿಟ್ಟೆ. ಗಂಡ ನನ್ನನ್ನು ಬಿಟ್ಟು ಅಡಿಲೇಡ್ ಸೇರಿದ್ದನ್ನೂ, ಅಮ್ಮನಿಗೆ ಮಾತ್ರ "ದೂರದ ಗಣೀಲಿ ಡ್ಯೂಟಿ ಅಮ್ಮ, ಆಗಾಗ ಬಂದು ಹೋಗ್ತಾರೆ" ಅಂತ ಸುಳ್ಳು ಹೇಳುತ್ತಿರುವುದನ್ನೂ. ಇಲ್ಲಿ ಎಷ್ಟೋ ಗಂಡಸರು ಹಾಗೇ ವಿಮಾನದಲ್ಲಿ ಗಣಿಗೆ ಹೋಗಿಬರುವುದರಿಂದ ಆ ಸುಳ್ಳು ಸಲೀಸಾಗಿ ನಡೆದಿತ್ತು.

ಆಮೇಲೊಂದು ದಿನ ಲೈಬ್ರರಿಯಲ್ಲಿ ಒಂದು ಕಾದಂಬರಿಯ ಹಿಂಬದಿಯಲ್ಲಿ, ಬರೆದವರು ಅಂತ, ರೂತ್ ಫೋಟೊ! ನನ್ನ ಸಂಸಾರ ಪುಸ್ತಕವಾಗಿ ಹೋದರೆ? ಅಮ್ಮ ಇಂಗ್ಲಿಷ್ ಓದಲ್ಲ ನಿಜ, ಓದಿ ಹೇಳುವವರಿಗೆ ನಮ್ಮ ಬೀದಿಯಲ್ಲಿ ಬರವೇ? ಅಂದಿನಿಂದ ರೂತ್ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ.

"ನನ್ನ ಬಗ್ಗೆ ಬರೀತಿದೀರಾ?"

ರೂತ್ ಬೇಲಿ ಹಿಡಿದು ನಿಂತರು. ಮೊದಲ ಕಾದಂಬರಿಯಲ್ಲಿ ತಮ್ಮ ಅಕ್ಕನ ಮುರಿದ ಮದುವೆಯನ್ನೇ ಬರೆದರಂತೆ. ಹೆಸರು ಬಂತು, ಬಹುಮಾನ ಬಂತು, ಅಕ್ಕ ಮಾತು ಬಿಟ್ಟಳು. ಆಮೇಲೆ ಬರೆದದ್ದನ್ನು ಯಾರೂ ಅಷ್ಟಾಗಿ ಕೊಳ್ಳಲಿಲ್ಲ. ಗಂಡನ ಜೊತೆ ಈ ಊರಿಗೆ ಬಂದರು, ಅವರನ್ನು ಇಲ್ಲೇ ಮಣ್ಣು ಮಾಡಿದರು, ಬರೆಯುವುದನ್ನೂ ಬಿಟ್ಟರಂತೆ.

"ಮತ್ಯಾಕೆ ಇಷ್ಟೊಂದು ಕೇಳ್ತೀರಿ?"

"ನನ್ನನ್ನ ಯಾರೂ ಏನೂ ಕೇಳಲ್ಲ. ಅದಕ್ಕೆ ನಾನೇ ಕೇಳ್ತೀನಿ," ಅಂದರು. ಒಳಗೆ ಹೊರಟವರು ತಿರುಗಿ, "ನಿನ್ನಮ್ಮನಿಗೆ ನೀನೇ ಹೇಳು. ಅಕ್ಕನ ವಿಷಯ ನಮ್ಮ ತಾಯಿಗೆ ಗೊತ್ತಾಗಿದ್ದು ನನ್ನ ಪುಸ್ತಕ ಓದಿ," ಅಂದರು.

ಕಥೆ ಕಟ್ಟುವವರ ಮಾತು, ನಂಬೋದು ಹೇಗೆ? ಇವತ್ತಿಗೂ ಪೂರ್ತಿ ನಂಬಿಲ್ಲ. ಆದರೂ ಒಳಗೆ ಬಂದವಳೇ ಮೈಸೂರಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಅಮ್ಮ ತುಂಬಾ ಅತ್ತಳು.

"ಇಷ್ಟು ದಿನ ಒಬ್ಬಳೇ ಇದೀಯಾ? ಸಾಕು, ಮನೆಗೆ ಬಂದ್ಬಿಡು," ಅಂದಳು.

"ಮನೇಲೇ ಇದೀನಲ್ಲಮ್ಮಾ," ಅಂದುಬಿಟ್ಟೆ.

ಈ ಪರ್ತ್ ಮನೆಯನ್ನು ನಾನು ಮನೆ ಅಂದದ್ದು ಅದೇ ಮೊದಲು.