ಅಯ್ಯನವರ ಊರು ಕೇಳದೆ ಉಣಿಸಿದ್ದು

ಕರ್ನಾಟಕದ ಗಡಿ ದಾಟಿದರೆ ಸಿಗುವ ಮುರುಮದ ಹತ್ತಿರ ನಮ್ಮ ಹಳ್ಳಿ. ನನ್ನ ಸೊಸೆ ಅಲ್ಲಿಯ ಪೊಲೀಸ್ ಪಾಟೀಲ. ಖಾಕಿಯಿಲ್ಲ, ಲಾಠಿಯಿಲ್ಲ. ಊರಲ್ಲಿ ನಡೆದದ್ದನ್ನು ಠಾಣೆಗೆ, ಠಾಣೆ ಹೇಳಿದ್ದನ್ನು ಊರಿಗೆ ಮುಟ್ಟಿಸುವುದೇ ಕೆಲಸ. ಪರೀಕ್ಷೆ ಬರೆದು ಪಡೆದದ್ದು. ನಾನು ಎರಡನೇ ಇಯತ್ತೆ ಓದಿದವಳು, ಅವಳ ಕಾಗದಪತ್ರಕ್ಕೆ ಕೈ ಹಾಕುವುದಿಲ್ಲ.

ಆ ದಿನ ಬೆಳಿಗ್ಗೆ ಅವಳ ಫೋನಿಗೆ ಠಾಣೆಯಿಂದ ಸಂದೇಶ ಬಂತು. ದಿಲ್ಲಿಯಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ಠಾಣೆಗೆ ಇಳಿದು ಬಂದದ್ದಂತೆ. ಕರ್ನಾಟಕದ ಕಡೆಯಿಂದ ಒಬ್ಬ ಗಡಿ ದಾಟಿರಬಹುದು, ಸಾಧುವಿನ ವೇಷ, ಚೀಲದಲ್ಲಿ ಬಾಂಬು ಇರಬಹುದು. ಹೊಸಬರು ಯಾರ ಮನೆಯಲ್ಲಿದ್ದರೂ ಮಧ್ಯಾಹ್ನದೊಳಗೆ ಹೆಸರು, ಊರು ತಿಳಿಸಬೇಕು. ಜೊತೆಗೊಂದು ಫೋಟೋ. ಅದರಲ್ಲಿ ಗಡ್ಡವೊಂದೇ ಕಾಣುತ್ತಿತ್ತು.

ನಮ್ಮ ಪಡಸಾಲೆಯಲ್ಲಿ ಗಡ್ಡದ ಅಯ್ಯನವರೊಬ್ಬರು ಕುಳಿತಿದ್ದರು. ಬಂದು ಮೂರು ದಿನವಾಗಿತ್ತು. ಜಂಗಮರು ಮನೆಗೆ ಬಂದರೆ ನಮ್ಮಲ್ಲಿ ಕಾಲಿಗೆ ನೀರು ಕೊಟ್ಟು ಉಣಿಸುತ್ತೇವೆ, ಹೆಸರು, ಊರು ಕೇಳುವುದಿಲ್ಲ. ನನ್ನ ಅತ್ತೆ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸೊಸೆ ನನ್ನನ್ನು ಅಡುಗೆಮನೆಗೆ ಕರೆದು ಫೋನು ತೋರಿಸಿದಳು.

“ಅತ್ತಿ, ಇವರ ಊರು ಕೇಳೀರೇನ್ರಿ?”

“ಜಂಗಮರಿಗಿ ಯಾರ ಕೇಳತಾರ? ನಿಮ್ಮವ್ವ ಕೇಳತಿದ್ದಳೇನು?”

“ನಮ್ಮವ್ವ ಪೊಲೀಸ್ ಪಾಟೀಲ ಇದ್ದಿದ್ದಿಲ್ರಿ.”

ತಾನೇ ಕೇಳುತ್ತೇನೆಂದು ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಅಯ್ಯನವರ ಜೋಳಿಗೆ ಗೂಟಕ್ಕೆ ತೂಗುತ್ತಿತ್ತು. ಮೂರು ದಿನ ಅದರ ಕಡೆ ನೋಡಿರಲಿಲ್ಲ, ಈಗ ಕಣ್ಣು ಕೀಳಲಾಗಲಿಲ್ಲ. ಅದರ ಕೆಳಗೇ ನೆರೆಮನೆಯವಳು ತೊಗರಿ ಹಸನು ಮಾಡುತ್ತಿದ್ದಳು. ನಿಮ್ಮ ಎಮ್ಮೆ ಹಗ್ಗ ಕಿತ್ತಿದೆ ಎಂದು ಸುಳ್ಳು ಹೇಳಿ ಅವಳನ್ನು ಓಡಿಸಿದೆ. ಅಂದರೆ ನನಗೂ ಅನುಮಾನ ಹುಟ್ಟಿತ್ತು. ಆದರೂ ಬಾಯಿ ತೆರೆದು ಊರು ಕೇಳಲಿಲ್ಲ.

ಹನ್ನೆರಡು ಹೊಡೆಯಲು ಬಂತು. ಸುಮ್ಮನಿದ್ದರೆ ಸೊಸೆಯ ಹುದ್ದೆ ಹೋಗುತ್ತಿತ್ತು. ಒಬ್ಬ ಸಾಧು ಇದ್ದಾರೆ, ಊರು ಗೊತ್ತಿಲ್ಲ ಎಂದು ಬರೆದು ಕಳಿಸಿದಳು. ಠಾಣೆಗೆ ಅಷ್ಟು ಸಾಕಾಯಿತು. ಅಯ್ಯನವರು ಎರಡನೇ ರೊಟ್ಟಿ ಮುರಿಯುವಾಗ ಜೀಪು ಬಂತು. ಒಬ್ಬ ಪೊಲೀಸ ಜೋಳಿಗೆಯನ್ನು ಕೋಲಿನಿಂದ ಇಳಿಸಿ, ಅಂಗಳಕ್ಕೆ ಒಯ್ದು ಬಿಚ್ಚಿದ. ವಿಭೂತಿ ಗಟ್ಟಿ, ಒಂದು ಧೋತರ, ಸಕ್ಕರೆ ರೋಗದ ಗುಳಿಗೆ. ಆಧಾರ್ ಕಾರ್ಡು ಇರಲಿಲ್ಲ. ಉಣ್ಣುವವರನ್ನು ಎಬ್ಬಿಸಿ ಕರೆದೊಯ್ದರು.

ಸಂಜೆ ಸೊಸೆ ಠಾಣೆಯಿಂದ ಬಂದು ಸುದ್ದಿ ಹೇಳಿದಳು. ಅಯ್ಯನವರು ಬಸವಕಲ್ಯಾಣದ ಕಡೆಯ ಹಳ್ಳಿಯವರಂತೆ. ಹೌದೋ ಅಲ್ಲವೋ ಆ ಕಡೆಯ ಪೊಲೀಸರೇ ಹೇಳಬೇಕಂತೆ. ನೇರ ಕೇಳುವ ಹಾಗಿಲ್ಲ, ಕಾಗದ ಮೇಲೇರಿ, ಆ ರಾಜ್ಯಕ್ಕೆ ದಾಟಿ, ಅಲ್ಲಿಂದ ಕೆಳಗಿಳಿಯಬೇಕಂತೆ. ಗುಳಿಗೆ ಕೊಟ್ಟಿದ್ದಾರೇನು ಎಂದೆ. ಜೋಳಿಗೆ ಪಂಚನಾಮೆಗೆ ಸೇರಿದೆ, ಮುಟ್ಟುವಂತಿಲ್ಲ ಎಂದಳು. ಸಕ್ಕರೆ ರೋಗ ನನ್ನ ಗಂಡನಿಗೂ ಇತ್ತು. ಗುಳಿಗೆ ತಪ್ಪಿದರೆ ಏನಾಗುತ್ತದೆಂದು ನಾನು ಕಂಡವಳು.

ಮರುದಿನ ನಮ್ಮ ತಾಲೂಕಿನೂರು ಉಮರಗಾಕ್ಕೆ ಹೋಗಿ ಬಸವಕಲ್ಯಾಣದ ಬಸ್ಸು ಹತ್ತಿದೆ. ಹತ್ತು ಗಂಟೆಗೆ ಆ ಹಳ್ಳಿಯ ಹಿಟ್ಟಿನ ಗಿರಣಿಯ ಮುಂದೆ ನಿಂತಿದ್ದೆ. ಗುರುತು ಹೇಳಿದ್ದೇ ತಡ, ಗಿರಣಿಯವನು ಅಯ್ಯನವರ ತಮ್ಮನನ್ನು ಕರೆಸಿದ. ತಮ್ಮನೂ ನಾನೂ ಅಲ್ಲಿಯ ಠಾಣೆಗೆ ಹೋದೆವು. ಹವಾಲ್ದಾರ ನಮ್ಮ ಮಾತು ಕೇಳಿ ನಕ್ಕ.

“ಆಯಿ, ಆ ಬಾಂಬಿನ ಮನಷ್ಯಾ ಸಿಕ್ಕು ನಾಕ ದಿನಾ ಆತು. ನಿಮ್ಮ ಕಡಿ ಹೇಳಿಲ್ಲೇನು?”

“ಹೇಳಬೇಕಾದವರು ನೀವೇ ಅಲ್ಲೇನೋ?”

“ನಾವು ಮ್ಯಾಲ ಹೇಳೀವ್ರಿ.”

ಅಂದರೆ ಸೊಸೆಗೆ ಬಂದ ಸಂದೇಶವೇ ಹಳಸಿತ್ತು. ಹಿಡಿಯಿರಿ ಎಂಬುದು ಹಳ್ಳಿಯವರೆಗೆ ಇಳಿದಿತ್ತು, ಸಿಕ್ಕ ಎಂಬುದು ಮೇಲೆಯೇ ಕೂತಿತ್ತು. ನಮ್ಮ ಠಾಣೆಗೆ ಫೋನು ಮಾಡು ಎಂದೆ. ಸಾಹೇಬರ ಅಪ್ಪಣೆ ಬೇಕೆಂದ. ಅಯ್ಯನವರು ಸತ್ತರೆ ನಿನ್ನ ಹೆಸರೇ ಹೇಳುತ್ತೇನೆ ಎಂದು ಅವನ ಮೇಜಿನ ಮುಂದೆ ಕೂತುಬಿಟ್ಟೆ. ಒಳಗೆ ಹೋಗಿ ಅಪ್ಪಣೆ ತಂದು ಫೋನು ಮಾಡಿದ.

ತಮ್ಮನೂ ನಾನೂ ನಮ್ಮ ಕಡೆಯ ಠಾಣೆಗೆ ಬಂದು ಕಾದೆವು, ಇಳಿಹೊತ್ತಿಗೆ ಅಯ್ಯನವರನ್ನು ಬಿಟ್ಟರು. ಅಯ್ಯನವರ ಮುಖ ಬಿಳಿಚಿತ್ತು, ಕಾಲು ನಡುಗುತ್ತಿತ್ತು. ಅವರ ತಮ್ಮ ಗುಳಿಗೆ ನುಂಗಿಸಿದ. ಶಾಪ ಹಾಕಿಯಾರೆಂದೇ ನಾನು ಕಾಲು ಮುಟ್ಟಿದೆ.

“ಕೇಳಿದ್ರ ಹೇಳತಿದ್ದೆ, ಯವ್ವಾ. ನನಗೇನು ಮುಚ್ಚಿಡೋದಿತ್ತು?”

ಉಂಡು ಹೋಗಿ ಎಂದು ಕರೆದೆ. ಬರಲಿಲ್ಲ.

ಈಗ ಯಾರೇ ಅಯ್ಯನವರು ಬರಲಿ, ಹೊಸ್ತಿಲಲ್ಲೇ ಊರು ಕೇಳುತ್ತೇನೆ. ಕೆಲವರು ಸಿಟ್ಟಾಗಿ ಮುಂದಿನ ಮನೆಗೆ ನಡೆಯುತ್ತಾರೆ. ಅವರು ಹೋದ ಮನೆಗೆ ಊರು ಕೇಳಲು ಸೊಸೆಯನ್ನು ಕಳಿಸುತ್ತೇನೆ.