ನಾಲ್ಕು ಗೆರೆ ಖಾಲಿ

ನನ್ನ ಗಂಡ ಹಾಸನದ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಪ್ರತಿ ವರ್ಷ ಬಿಎಸ್ಸಿ ಮಕ್ಕಳಿಗೆ ಆ ಮಹಾ ಇಂಗ್ಲಿಷ್ ನಾಟಕಕಾರನ ಬದುಕು-ಬರಹದ ಮೇಲೆ ನೋಟ್ಸ್ ಬರೆಸುತ್ತಿದ್ದರು. ಮದುವೆಯಾದ ಹೊಸದರಲ್ಲಿ ಆ ನೋಟ್ಸನ್ನು ದಪ್ಪ ರಟ್ಟಿನ ಪುಸ್ತಕಕ್ಕೆ ಶುದ್ಧಪ್ರತಿ ಮಾಡಿಕೊಟ್ಟವಳು ನಾನೇ. ಹಾಗಾಗಿ ಅವನ ಕಥೆ ನನಗೆ ಬಾಯಿಪಾಠ. ಕೈಗವಸು ಮಾಡುವವನ ಮಗ, ಮೀಸೆ ಚಿಗುರುವಾಗಲೇ ಮದುವೆ, ಮೂರು ಮಕ್ಕಳು. ಹೆಂಡತಿಯನ್ನು ಊರಲ್ಲೇ ಬಿಟ್ಟು ಲಂಡನ್ನಿಗೆ ಹೋದ, ರಾಜರನ್ನೂ ಕೋಡಂಗಿಗಳನ್ನೂ ರಂಗಕ್ಕೆ ತಂದ, ಹೆಸರು ಮಾಡಿದ, ಕೊನೆಗೆ ಊರಿಗೆ ಮರಳಿದ. ಅಷ್ಟು ವರ್ಷ ಕಾದ ಹೆಂಡತಿಗೆ ನೋಟ್ಸಿನಲ್ಲಿ ಸಿಕ್ಕಿದ್ದು ಒಂದೇ ವಾಕ್ಯ.

"ಪಾಪ, ಅವಳು ಹೇಗಿದ್ಲು ಅಂತ ಯಾರೂ ಬರ್ದಿಲ್ವೇನ್ರೀ?" ಎಂದು ಕೇಳಿದ್ದೆ.

"ಪರೀಕ್ಷೇಲಿ ಅದನ್ನ ಕೇಳಲ್ಲ ಕಣೆ" ಎಂದಿದ್ದರು.

ಡಾಟ್ ಕಾಮ್ ಹುಚ್ಚು ಎಲ್ಲರ ನೆತ್ತಿಗೇರಿದ್ದ ಕಾಲದಲ್ಲಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಸಣ್ಣ ಲ್ಯಾಬೊಂದು ನನ್ನನ್ನು ಕೆಲಸಕ್ಕೆ ಕರೆಸಿಕೊಂಡಿತು. ಒಂದು ವರ್ಷಕ್ಕೆಂದು ಹೊರಟವಳು ಮೂರು ವರ್ಷ ಉಳಿದೆ. ಗಂಡನದು ಕಾಯಂ ನೌಕರಿ, ಬಿಡಲಿಲ್ಲ. ಬಿಡಿ ಎಂದು ನಾನೂ ಹೇಳಲಿಲ್ಲ. ಮೊದಲನೇ ಫೋನಿನಲ್ಲೇ, "ಈಗ ನೀನೇ ನಾಟಕಕಾರ, ನಾನು ಊರಲ್ಲಿರೋ ಹೆಂಡ್ತಿ" ಎಂದು ನಕ್ಕರು. ನಾನೂ ನಕ್ಕೆ. ಫೋನಿಟ್ಟ ಮೇಲೆ ನಗು ಬರಲಿಲ್ಲ.

ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ನೋಟ್ಸ್ ಬರೆಸಿ ಬರೆಸಿ, ಮನೆಯ ದಿನಸಿ ಚೀಟಿ ಹೇಳುವಾಗಲೂ "ತೊಗರಿಬೇಳೆ ಕಾಮಾ ಬೆಲ್ಲ ಕಾಮಾ ಸಾಸಿವೆ ಫುಲ್ ಸ್ಟಾಪ್" ಎನ್ನುತ್ತಿದ್ದರು. ಹಾಸನದಲ್ಲಿದ್ದಾಗ ಅದಕ್ಕೆ ರೇಗುತ್ತಿದ್ದೆ. ಇಲ್ಲಿ ಗ್ರೋಸರಿ ಅಂಗಡಿಯಲ್ಲಿ ಗಾಡಿ ತಳ್ಳಿಕೊಂಡು ಹೋಗುವಾಗ ನಾನೇ ಮೆಲ್ಲಗೆ ಕಾಮಾ ಹೇಳಿಕೊಳ್ಳುತ್ತಿದ್ದೆ. ಅವರನ್ನು ನೋಡಬೇಕೆನ್ನಿಸುತ್ತಿತ್ತು. ಆದರೆ ಮೂರು ವರ್ಷದಲ್ಲಿ ಅವರು ಒಮ್ಮೆಯೂ "ಬಾ" ಎನ್ನಲಿಲ್ಲ. ನನ್ನ ಹಟ ನನಗೆ. ಕರೆಯದೆ ಹೋಗುವವಳು ನಾನಲ್ಲ ಎಂದು ಬಿಗಿದುಕೊಂಡು ಕೂತಿದ್ದೆ.

ಒಂದು ಬೇಸಿಗೆ ಓಕ್ಲ್ಯಾಂಡಿನ ಪಾರ್ಕಿನಲ್ಲಿ ಆ ನಾಟಕಕಾರನದೇ ನಾಟಕವನ್ನು ಆಡಿದರು. ಪುಕ್ಕಟೆ. ಇಪ್ಪತ್ತು ವರ್ಷ ಪಾಠ ಮಾಡಿದ ನನ್ನ ಗಂಡ ಅವನ ಒಂದು ನಾಟಕವನ್ನೂ ರಂಗದ ಮೇಲೆ ಕಂಡವರಲ್ಲ. ಅವರ ಪರವಾಗಿ ಹೋದೆ. ಕಡಲ ಪಾಲಾಗಿ ಚದುರಿಹೋದ ಸಂಸಾರ ಮತ್ತೆ ಒಂದಾಗುವ ತಮಾಷೆಯ ಕಥೆ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ನಾನೊಬ್ಬಳು ಮೂಗು ಒರೆಸಿಕೊಳ್ಳುತ್ತಿದ್ದೆ. ಆ ಶನಿವಾರ ಫೋನಿನಲ್ಲಿ ಎಲ್ಲವನ್ನೂ ಕೇಳಿದರು: ಪರದೆ ಇತ್ತಾ, ಮಾತು ಹಿಂದಿನವರಿಗೂ ಕೇಳುತ್ತಿತ್ತಾ, ರಾಜ ಎಷ್ಟು ಎತ್ತರ ಇದ್ದ. ಕೊನೆಗೆ, "ನಿನ್ನ ಪಕ್ಕ ಯಾರು ಕೂತಿದ್ರು?"

"ಯಾರೂ ಇಲ್ಲ. ನಿಮ್ಮ ಜಾಗ ಅಂತ ಶಾಲು ಹಾಸಿದ್ದೆ."

"ಸರಿ, ಫೋನ್ ಇಡ್ಲಾ?" ಎಂದರು.

ಮುಂದಿನ ವಸಂತದಷ್ಟರಲ್ಲಿ ಡಾಟ್ ಕಾಮ್ ಗುಳ್ಳೆ ಒಡೆದು, ಬೀದಿಬೀದಿಯಲ್ಲಿ ಆಫೀಸಿನ ಕುರ್ಚಿಗಳು ಅನಾಥವಾಗಿ ನಿಂತಿದ್ದವು. ಹಣ ಹಾಕುವವರಿಲ್ಲದೆ ನಮ್ಮ ಲ್ಯಾಬೂ ಮುಚ್ಚಿತು. ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಕೊಡುತ್ತೇವೆಂದರು; ಸೋಮವಾರ ಉತ್ತರ ಹೇಳಬೇಕಿತ್ತು. ಗಂಡನಿಗೆ ಫೋನು ಮಾಡಿದೆ. "ನಿನ್ನಿಷ್ಟ" ಎಂದರು. ಮೈಯೆಲ್ಲ ಉರಿದುಹೋಯಿತು. ಬೇಡವಾದವಳಿಗೆ ಎಲ್ಲಿದ್ದರೇನು ಎಂದುಕೊಂಡು ಓಕ್ಲ್ಯಾಂಡಿಗೇ ಹೂಂ ಎನ್ನಲು ತೀರ್ಮಾನಿಸಿದೆ.

ಭಾನುವಾರ ಬೆರ್ರಿಯೆಸಾದಲ್ಲಿ ಗೆಳತಿಯ ಮನೆಯಲ್ಲಿ ಯುಗಾದಿ ಊಟ. ಹಾಸನದಿಂದ ಆಗಷ್ಟೇ ಬಂದಿದ್ದ ಹೊಸ ಮದುಮಗಳೊಬ್ಬಳು ಪಕ್ಕದಲ್ಲಿ ಕೂತಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಕಾಲೇಜಿನ ಮಾತು ಬಂತು.

"ನಮ್ ಇಂಗ್ಲಿಷ್ ಸರ್ ಒಬ್ರು ಇದ್ರು ಮೇಡಂ, ಒಂಥರಾ! ಆ ನಾಟಕಕಾರನ ಲೈಫು ಬರೆಸ್ತಾ, ಹೆಂಡ್ತಿನ ಊರಲ್ಲಿ ಬಿಟ್ಟು ಹೋದ, ಹೆಸರು ಮಾಡ್ದ, ಅಲ್ಲೀತನಕ ಬರೆಸಿದ್ರು. ಆಮೇಲೆ 'ನಾಲ್ಕು ಗೆರೆ ಖಾಲಿ ಬಿಡಿ' ಅಂದ್ರು. ಯಾಕ್ ಸರ್ ಅಂದ್ರೆ, 'ವಾಪಸ್ ಬಂದಿದ್ದು ಆಮೇಲೆ ಬರೆಸ್ತೀನಿ' ಅಂತ. ಹೋದ ವರ್ಷ ಎಕ್ಸಾಮು ಮುಗೀತು, ಬರೆಸ್ಲೇ ಇಲ್ಲ!"

"ಮೊದಲಿಂದಾನೂ ಹಾಗೇನಾ?"

"ಇಲ್ಲ, ನಮ್ಮಣ್ಣನ ಹಳೇ ನೋಟ್ಸಲ್ಲಿ ಇತ್ತು. ಅದನ್ನ ನೋಡ್ಕೊಂಡೇ ನಾನು ಬರ್ದಿದ್ದು" ಎಂದು ನಕ್ಕಳು.

ಆ ನಾಲ್ಕು ಗೆರೆ ರಟ್ಟಿನ ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಇದ್ದವು. ಪುಸ್ತಕವನ್ನು ಎದುರಿಗಿಟ್ಟುಕೊಂಡೂ ನಾನು ಹೊರಟುಬಂದ ಮೇಲೆ ಅವರು ಆ ಗೆರೆಗಳನ್ನು ಮಕ್ಕಳಿಗೆ ಬರೆಸಿರಲಿಲ್ಲ.

ಸಂಜೆ ಮನೆಗೆ ಬಂದು, ಹಾಸನದಲ್ಲಿ ಸೋಮವಾರ ಬೆಳಗಾಗುವವರೆಗೆ ಕಾದು ಫೋನು ಮಾಡಿದೆ. ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದರು.

"ಪೆನ್ನು ತಗೊಳ್ಳಿ. ಬರ್ಕೊಳ್ಳಿ" ಎಂದೆ.

"ಏನನ್ನೇ?"

"ನಾಲ್ಕು ಗೆರೆ ಖಾಲಿ ಬಿಟ್ಟಿದ್ದೀರಲ್ಲ, ಅದಕ್ಕೆ. ಊರಿಗೆ ಮರಳಿದಳು."

ಆ ಕಡೆ ಕುರ್ಚಿ ಎಳೆದ ಸದ್ದು, ಕೂತ ಸದ್ದು. ಆಮೇಲೆ ಹೆದರಿದ ಮಗುವಿನ ಹಾಗೆ ಕೇಳಿದರು:

"ಕಾಮಾನಾ, ಫುಲ್ ಸ್ಟಾಪಾ?"

"ಫುಲ್ ಸ್ಟಾಪ್" ಎಂದೆ.